ಸುಣ್ಣದಡಿಯ ಎಲುಬುಗಳು

ವೇಲ್ಸ್‌ನ ಪೂರ್ವದ ಗಡಿಯ ಹತ್ತಿರ, ಬ್ಲ್ಯಾಕ್ ಮೌಂಟನ್ಸ್ ಎನ್ನುವ ಬೆಟ್ಟಸಾಲಿನ ಇಳಿಜಾರಿನಲ್ಲಿ, ಪಾರ್ಟ್ರಿಷೋ ಎಂಬಲ್ಲಿ ಒಂದು ಪುಟ್ಟ ಹಳೆಯ ಚರ್ಚಿದೆ. ಅದರ ಪಶ್ಚಿಮದ ಗೋಡೆಯ ಮೇಲೆ ಆಳೆತ್ತರದ ಅಸ್ಥಿಪಂಜರವೊಂದು ಉದ್ದ ಹಿಡಿಯ ಕುಡುಗೋಲು, ಮರಳುಗಡಿಯಾರ ಮತ್ತು ಸನಿಕೆಯೊಂದಿಗೆ ನಿಂತಿದೆ. ಕೊಯ್ಯುವುದಕ್ಕೊಂದು, ಅವಧಿ ಅಳೆಯುವುದಕ್ಕೊಂದು, ಗುಂಡಿ ತೋಡುವುದಕ್ಕೊಂದು ಎಂದು ಸಾವಿನ ಮೂರು ಕೆಲಸಕ್ಕೂ ಬೇಕಾದ ಸಾಮಾನು ಅದರ ಬಳಿ ಇದೆ. ಇದನ್ನು ಮನುಷ್ಯರ ರಕ್ತದಿಂದ ಬರೆದಿದ್ದಾರೆ, ಆದ್ದರಿಂದ ಎಷ್ಟು ಸಲ ಸುಣ್ಣ ಬಳಿದರೂ ಮತ್ತೆ ಮೂಡಿ ಬರುತ್ತದೆ ಎಂದು ಅಲ್ಲಿಯ ಜನರಲ್ಲಿ ಪ್ರತೀತಿ. ರಕ್ತದ ಮಾತನ್ನು ನಾನು ನಂಬಲಾರೆ. ಆದರೆ ಸುಣ್ಣದ ಕೆಳಗಿನಿಂದ ಹಳೆಯದು ಎದ್ದು ಬರುತ್ತದೆ ಎಂಬ ಭಾಗವನ್ನು ನಂಬದಿರಲು ಕೊಡಗಿನಲ್ಲಿ ಬದುಕುವ ನನಗೆ ಯಾವ ಕಾರಣವೂ ಕಾಣುವುದಿಲ್ಲ.

ಇಲ್ಲಿ ವಿರಾಜಪೇಟೆಯ ಸುತ್ತಮುತ್ತ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗಳು ನೀರು ಕುಡಿಯುತ್ತವೆ. ಮಳೆ ಬಿಟ್ಟು ಬಿಸಿಲು ಬಿದ್ದ ಮೇಲೆ ಸುಣ್ಣ ಹಕ್ಕಳೆಗಟ್ಟಿ ಏಳುತ್ತದೆ. ಅದರ ಕೆಳಗೆ ಹಿಂದಿನ ವರ್ಷದ ಸುಣ್ಣ, ಅದರ ಕೆಳಗೆ ಯಾರ ಕಾಲದ್ದೋ ನೀಲಿ, ಇನ್ನೂ ಕೆಳಗೆ ಕೆಮ್ಮಣ್ಣಿನ ಪಟ್ಟಿ ಕಾಣಿಸಿಕೊಳ್ಳುತ್ತದೆ. ಬಳಿದ ಸುಣ್ಣವು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ, ಎಂದರೆ ಗೋಡೆಯ ಮೇಲೆ ತೆಳ್ಳಗಿನ ಸುಣ್ಣಕಲ್ಲಿನ ಪದರವೇ ಕೂರುತ್ತದೆ. ಗಿಡಮೂಲದ ಅನೇಕ ಬಣ್ಣಗಳು ಬೆಳಕಿಗೆ ಮಾಸಿದರೂ ಕಬ್ಬಿಣದ ಆಕ್ಸೈಡ್ ಇರುವ ಕೆಮ್ಮಣ್ಣು ಸುಣ್ಣಕ್ಕೂ ಬೆಳಕಿಗೂ ಜಗ್ಗುವುದಿಲ್ಲ. ಹೀಗಾಗಿ ಚಿತ್ರವನ್ನು ಅಳಿಸಬೇಕೆಂದು ಅದರ ಮೇಲೆ ಸುಣ್ಣ ಹೊಡೆದವನು, ತನಗೆ ಗೊತ್ತಿಲ್ಲದೆಯೇ, ಅದಕ್ಕೊಂದು ಕಲ್ಲಿನ ಹೊದಿಕೆ ಹೊದಿಸಿ ಕಾಪಾಡಿದ ಹಾಗಾಗುತ್ತದೆ.

ವೇಲ್ಸ್‌ನ ಚರ್ಚುಗಳಲ್ಲಿ ನಡೆದದ್ದು ಇದೇ. ಹದಿನಾರನೆಯ ಶತಮಾನದ ಧರ್ಮಸುಧಾರಣೆಯ ಕಾಲದಲ್ಲಿ, ವಿಶೇಷವಾಗಿ ಆರನೆಯ ಎಡ್ವರ್ಡ್ 1547ರಲ್ಲಿ ಪಟ್ಟಕ್ಕೆ ಬಂದ ಮೇಲೆ, ಚರ್ಚಿನೊಳಗಿನ ಚಿತ್ರಗಳೆಲ್ಲ ಮೂಢನಂಬಿಕೆಯ ಕುರುಹುಗಳೆಂದು ತೀರ್ಮಾನವಾಗಿ, ಗೋಡೆಗಳಿಗೆ ಸುಣ್ಣ ಬಳಿದು ಆ ಬಿಳುಪಿನ ಮೇಲೆ ಬೈಬಲ್ಲಿನ ವಾಕ್ಯಗಳನ್ನು ಬರೆಸಲಾಯಿತು. ದಕ್ಷಿಣ ವೇಲ್ಸ್‌ನ ಲಾನ್‌ಕಾರ್ವನ್ ಎಂಬ ಹಳ್ಳಿಯ ಸಂತ ಕ್ಯಾಡಕ್ ಚರ್ಚಿನಲ್ಲಿ 2008ರಲ್ಲಿ ಸುಣ್ಣದ ನಡುವೆ ಕೆಮ್ಮಣ್ಣಿನ ತೆಳುವಾದ ಗೆರೆಯೊಂದು ಕಣ್ಣಿಗೆ ಬಿತ್ತು. ಆ ಗೆರೆಯನ್ನು ಹಿಡಿದುಕೊಂಡು ಪರಿಣತರು ಶಸ್ತ್ರಚಿಕಿತ್ಸೆಯ ಚಾಕುವಿನಿಂದ ಪದರ ಪದರವಾಗಿ ಸುಣ್ಣವನ್ನು ಕೆರೆದು ತೆಗೆಯುತ್ತ ಹೋದ ಹಾಗೆ, ಹದಿನೈದನೆಯ ಶತಮಾನದ ಕೊನೆಯ ಭಾಗದ ಒಂದು ಲೋಕವೇ ಹೊರಬಂತು: ಡ್ರ್ಯಾಗನ್ನನ್ನು ಇರಿಯುತ್ತಿರುವ ಕುದುರೆ ಸವಾರ ಸಂತ ಜಾರ್ಜ್, ಕೋಟೆಯ ಮೇಲಿನಿಂದ ಅದನ್ನು ನೋಡುತ್ತಿರುವ ರಾಜ ರಾಣಿಯರು, ಏಳು ಮಹಾಪಾಪಗಳು. ಇವೆಲ್ಲದರ ಜೊತೆಗೆ, ಕಾಲಕ್ಕೆ ತಕ್ಕ ಶೋಕಿಯ ಬಟ್ಟೆ ತೊಟ್ಟ ಒಬ್ಬ ಯುವಕನೂ, ಹೆಣದ ಬಟ್ಟೆ ಸುತ್ತಿಕೊಂಡು ಅವನ ಕೈ ಹಿಡಿದು ಎಳೆಯುತ್ತಿರುವ ಒಂದು ಕೊಳೆತ ಶವವೂ ಇವೆ.

ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಆ ಕೈಗಳೇ. ಅಲ್ಲಿ ಸಾವು ಯುವಕನ ಕುತ್ತಿಗೆಗೆ ಕೈ ಹಾಕಿಲ್ಲ, ಆಯುಧ ಎತ್ತಿಲ್ಲ. ಮದುವೆ ಮನೆಯಲ್ಲಿ ಊಟಕ್ಕೇಳದೆ ಮಾತಾಡುತ್ತ ಕುಳಿತ ನೆಂಟನನ್ನು ಎಬ್ಬಿಸಿಕೊಂಡು ಹೋಗುವ ಯಜಮಾನನ ಸಲಿಗೆ ಅದರಲ್ಲಿದೆ. ಯುರೋಪಿನ ಈ ಬಗೆಯ ಚಿತ್ರಗಳಲ್ಲಿ ಅತ್ಯಂತ ಪ್ರಸಿದ್ಧವಾದವು ಕಿರಿಯ ಹ್ಯಾನ್ಸ್ ಹೋಲ್ಬೈನ್ ರಚಿಸಿದ ಮೃತ್ಯುನೃತ್ಯದ ಮರದಚ್ಚುಗಳು. 1520ರ ದಶಕದಲ್ಲಿ ಹೋಲ್ಬೈನ್ ಬರೆದ ಚಿತ್ರಗಳನ್ನು ಹ್ಯಾನ್ಸ್ ಲುಟ್ಸೆಲ್‌ಬರ್ಗರ್ ಎಂಬ ಕುಶಲಿ ಮರದಲ್ಲಿ ಕೊರೆದ. 1538ರಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ 41 ಚಿತ್ರಗಳ ಪುಸ್ತಕವಾಗಿ ಅವು ಹೊರಬರುವ ಹೊತ್ತಿಗೆ ಆ ಕೊರೆದ ಕೈ ಇಲ್ಲವಾಗಿ ಹನ್ನೆರಡು ವರ್ಷಗಳೇ ಕಳೆದಿದ್ದವು. ಒಂದೊಂದು ಚಿತ್ರವೂ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು, ಅಷ್ಟೇ. ಅವುಗಳಲ್ಲಿ ರಾಜ, ಪೋಪ್, ನ್ಯಾಯಾಧೀಶರ ಪಾಲಿಗೆ ಬರುವ ಅಸ್ಥಿಪಂಜರ ಕುಚೋದ್ಯದ್ದು, ಕೆಲವೆಡೆ ಕ್ರೂರವಾದದ್ದು; ಆದರೆ ಉಳುವ ರೈತನ ಚಿತ್ರದಲ್ಲಿ ಮಾತ್ರ ಅದು ನೇಗಿಲಿಗೆ ಕಟ್ಟಿದ ಕುದುರೆಗಳ ಪಕ್ಕದಲ್ಲಿ ಓಡುತ್ತ, ಚಾವಟಿ ಹಿಡಿದು ಅವುಗಳನ್ನು ಹೊಡೆದುಕೊಂಡು ಹೋಗುತ್ತಿದೆ, ದೂರದಲ್ಲಿ ಸೂರ್ಯ ಮುಳುಗುತ್ತಿದ್ದಾನೆ. ಮುದುಕನನ್ನು ಅದು ವಾದ್ಯ ನುಡಿಸುತ್ತ ಗುಂಡಿಯವರೆಗೆ ಕರೆದೊಯ್ಯುತ್ತದೆ. ಲಾನ್‌ಕಾರ್ವನ್‌ನ ಅನಾಮಧೇಯ ಕಲಾವಿದ ಹೋಲ್ಬೈನ್‌ಗಿಂತ ಹಿಂದಿನವನು, ಕೈಚಳಕದಲ್ಲಿ ಅವನಿಗೆ ಸಮನಲ್ಲ; ಆದರೂ ಆ ಹಿಡಿದ ಕೈಯ ವಿಷಯದಲ್ಲಿ ನನ್ನ ಮತ ಅವನಿಗೇ. ಉತ್ತರ ವೇಲ್ಸ್‌ನ ಕಾರ್ವೆನ್ ಪಟ್ಟಣದ ಬಳಿ 1637ರಲ್ಲಿ ಕಟ್ಟಿದ ರೂಗ್ ಪ್ರಾರ್ಥನಾಮಂದಿರದಲ್ಲಿಯೂ ಗೋಡೆಯ ಮೇಲೆ ಒಂದು ಅಸ್ಥಿಪಂಜರವಿದೆ. ಚಿತ್ರಗಳನ್ನೆಲ್ಲ ಅಳಿಸಿದ್ದ ಶತಮಾನ ಕಳೆಯುವಷ್ಟರಲ್ಲಿ ಜನರು ಎಲುಬುಗಳನ್ನು ಮತ್ತೆ ಗೋಡೆಗೆ ಕರೆಸಿಕೊಂಡಿದ್ದರು ಎನ್ನುವುದಕ್ಕೆ ಅದು ಸಾಕ್ಷಿ.

ಇನ್ನು ಗೋಡೆ ಬಿಟ್ಟು ಬೀದಿಗೆ ಬರುವ ಎಲುಬಿನ ವಿಷಯ. ಕ್ರಿಸ್‌ಮಸ್ ಮತ್ತು ಹೊಸವರ್ಷದ ನಡುವಿನ ರಾತ್ರಿಗಳಲ್ಲಿ ದಕ್ಷಿಣ ವೇಲ್ಸ್‌ನ ಗ್ಲಾಮೋರ್ಗನ್ ಸೀಮೆಯ ಹಳ್ಳಿಗಳಲ್ಲಿ ಗಂಡಸರ ಗುಂಪೊಂದು ನಿಜವಾದ ಕುದುರೆಯ ತಲೆಬುರುಡೆಯನ್ನು ಕೋಲಿಗೆ ಸಿಕ್ಕಿಸಿ, ಕೋಲು ಹಿಡಿದವನ ಮೇಲೆ ಬಿಳಿಯ ದುಪ್ಪಟಿ ಹೊದಿಸಿ, ಬುರುಡೆಗೆ ಬಣ್ಣಬಣ್ಣದ ರಿಬ್ಬನ್ನು, ಗೆಜ್ಜೆ ಕಟ್ಟಿ, ಕಣ್ಣಿನ ಗುಳಿಗಳಲ್ಲಿ ಬಾಟಲಿಯ ಗಾಜು ಕೂರಿಸಿ ಮನೆಮನೆಗೆ ಹೊರಡುತ್ತಿತ್ತು. ಇದರ ಹೆಸರು ಮಾರಿ ಲ್ವಿಡ್. ಬಾಗಿಲ ಹೊರಗೆ ನಿಂತವರು ಒಳಗೆ ಬರಲು ಅಪ್ಪಣೆ ಬೇಡಿ ಒಂದು ಪದ್ಯ ಹಾಡುತ್ತಾರೆ. ಒಳಗಿನವರು ಬಾಗಿಲು ತೆರೆಯಲಾಗದು ಎಂಬುದಕ್ಕೆ ನೆಪ ಹೇಳಿ, ಅದೇ ಧಾಟಿಯಲ್ಲಿ, ಬಂದವರ ಕುಡಿತವನ್ನೋ ಕಂಠವನ್ನೋ ಹಂಗಿಸಿ ಇನ್ನೊಂದು ಪದ್ಯ ಹಾಡುತ್ತಾರೆ. ಪುಂಕೊ ಎಂಬ ಈ ಸವಾಲು ಜವಾಬು ಒಂದು ಪಕ್ಷದ ಪದ್ಯಗಳು ಬರಿದಾಗುವವರೆಗೂ ಬಿಡದೆ ಸಾಗುತ್ತದೆ. ಕೊನೆಗೆ ಬಾಗಿಲು ತೆರೆದ ಮೇಲೆ ಕುದುರೆ ಒಳಗೆ ನುಗ್ಗಿ ದವಡೆ ಬಡಿಯುತ್ತ ಹೆಂಗಸರನ್ನೂ ಮಕ್ಕಳನ್ನೂ ಅಟ್ಟಿಸಿಕೊಂಡು ಓಡಾಡುತ್ತದೆ, ಆಮೇಲೆ ಎಲ್ಲರಿಗೂ ತಿಂಡಿ ಮತ್ತು ಬಿಯರ್ ಸಮಾರಾಧನೆ. ಕೆಲವು ಕಡೆ ಹಬ್ಬ ಮುಗಿದ ಮೇಲೆ ಬುರುಡೆಯನ್ನು ಸುಣ್ಣದಲ್ಲಿ ಹೂತಿಟ್ಟು ಮುಂದಿನ ವರ್ಷ ಅಗೆದು ತೆಗೆಯುತ್ತಿದ್ದರಂತೆ. ಇಲ್ಲಿಯೂ ಸುಣ್ಣವೇ ಕಾವಲು.

ಬುರುಡೆ ಕುದುರೆಯದೇ ಏಕಾಗಬೇಕು ಎಂದು ನಾನು ಬಹಳ ಯೋಚಿಸಿದ್ದೇನೆ. ಪರಿಚಯದ ಕೊಡವ ಕುಟುಂಬವೊಂದರ ಮೂಲಮನೆಯಾದ ಐನ್‌ಮನೆಯ ಕೈಯಾಲೆಯಲ್ಲಿ, ಎಂದರೆ ಮುಂಭಾಗದ ಜಗಲಿಯಲ್ಲಿ, ಬ್ರಿಟಿಷರ ಕಾಲದ ಕಾಟಿಯ (ಕಾಡುಕೋಣದ) ಬುರುಡೆಯೊಂದಿದೆ. ಅದರ ಮುಂದೆ ಕುಳಿತು ಪೆನ್ಸಿಲಿನಲ್ಲಿ ಅದರ ಚಿತ್ರ ಬರೆಯುತ್ತಿದ್ದಾಗ ಉತ್ತರ ಹೊಳೆಯಿತು. ಕಾಟಿಗಾಗಲಿ ಮನೆಯ ಹಸುವಿಗಾಗಲಿ ಮೇಲಿನ ದವಡೆಯಲ್ಲಿ ಮುಂಭಾಗದ ಹಲ್ಲುಗಳೇ ಇರುವುದಿಲ್ಲ; ಬುರುಡೆಯ ಮೂತಿ ಮೊಂಡಾಗಿ, ಖಾಲಿಯಾಗಿ ಮುಗಿಯುತ್ತದೆ. ಕುದುರೆಗೋ ಮೇಲೆ ಆರು, ಕೆಳಗೆ ಆರು ಬಾಚಿಹಲ್ಲುಗಳು ಎದುರುಬದುರಾಗಿ ಕೂತಿರುತ್ತವೆ, ಅವುಗಳ ಹಿಂದೆ ಕಡಿವಾಣ ಕೂರುವ ಉದ್ದನೆಯ ತೆರಪು, ಆಮೇಲೆ ದವಡೆಹಲ್ಲು. ದಾರ ಎಳೆದು ದವಡೆ ಆಡಿಸಿದಾಗ ಟಕ್ಕೆಂದು ಸದ್ದಾಗಬೇಕಾದರೆ ಹಲ್ಲಿಗೆ ಹಲ್ಲು ತಾಗಬೇಕು. ಹಸುವಿನ ಬುರುಡೆ ಎಷ್ಟೇ ಭಯಂಕರವಾಗಿ ಕಂಡರೂ ಕಚ್ಚುವ ಸದ್ದು ಅದರಿಂದ ಹೊರಡದು.

ಮನೆಮನೆಗೆ ಹಾಡುತ್ತ ಹೋಗುವುದು ಕೊಡಗಿನವರಿಗೆ ಹೊಸದೇನಲ್ಲ. ಸುಗ್ಗಿಹಬ್ಬವಾದ ಹುತ್ತರಿಯ ಕದಿರು ತೆಗೆದ ಮೇಲಿನ ದಿನಗಳಲ್ಲಿ ದುಡಿ ಹಿಡಿದ ಹಾಡುಗಾರರು ಮನೆಯಿಂದ ಮನೆಗೆ ಹೋಗಿ, ಆ ಮನೆತನವನ್ನು ಹಾಡಿ ಹೊಗಳಿ ಕಾಣಿಕೆ ಪಡೆಯುತ್ತಾರೆ. ಆದರೆ ಮಾರಿ ಲ್ವಿಡ್‌ಗೆ ನಿಜವಾಗಿ ಹತ್ತಿರದ ನಂಟು ಹುತ್ತರಿಯದ್ದಲ್ಲ, ಮೇ ತಿಂಗಳ ಕೊನೆಯಲ್ಲಿ ತಿತಿಮತಿಯ ಬಳಿಯ ದೇವರಪುರದಲ್ಲಿ ನಡೆಯುವ ಕುಂಡೆ ಹಬ್ಬದ್ದು. ಕುರುಬ, ಯರವ ಮೊದಲಾದ ಸಮುದಾಯದವರು ವಿಚಿತ್ರ ವೇಷ ತೊಟ್ಟು, ಸೋರೆಬುರುಡೆ ಬಡಿಯುತ್ತ, ಎದುರಾದವರನ್ನೆಲ್ಲ, ತಾವು ಕೆಲಸ ಮಾಡುವ ತೋಟದ ಸಾಹುಕಾರರನ್ನೂ ಬಿಡದೆ, ಹಾಡಿನಲ್ಲೇ ಬೈದು ದುಡ್ಡು ವಸೂಲು ಮಾಡುತ್ತಾರೆ. ಬೈಗುಳಕ್ಕೆ ಆ ಒಂದು ದಿನ ದೇವರ ಅಪ್ಪಣೆ ಇದೆ, ಯಾರೂ ಕೋಪಿಸಿಕೊಳ್ಳುವಂತಿಲ್ಲ. ವೇಷದ ಮರೆಯಲ್ಲಿ ನಿಂತು ಬಾಗಿಲ ಒಳಗಿನವರನ್ನು ಪದ್ಯದಲ್ಲಿ ಹಂಗಿಸುವ ಸ್ವಾತಂತ್ರ್ಯ ವೇಲ್ಸ್‌ನ ಗಣಿ ಕಾರ್ಮಿಕನಿಗೂ ಹೀಗೆಯೇ ವರ್ಷಕ್ಕೊಮ್ಮೆ ಸಿಗುತ್ತಿತ್ತು. ಎರಡಕ್ಕೂ ಒಂದೇ ಮೂಲ ಎಂದು ಹೇಳಲು ನಾನು ಹೊರಟಿಲ್ಲ. ಅಂಥ ಹುಡುಕಾಟಗಳ ಮೇಲೆ ನನಗೆ ಅಷ್ಟು ನಂಬಿಕೆಯೂ ಇಲ್ಲ. ಮಾರಿ ಲ್ವಿಡ್ ಕ್ರೈಸ್ತಪೂರ್ವ ಆಚರಣೆಯ ಉಳಿಕೆ ಎಂದು ವೇಲ್ಸ್‌ನ ಜಾನಪದ ವಿದ್ವಾಂಸ ಯೋರ್ವರ್ತ್ ಪೀಟ್ ನಂಬಿದ್ದರು, ಜಾಲತಾಣಗಳಲ್ಲಿ ಇಂದಿಗೂ ಆ ಮಾತು ಹರಿದಾಡುತ್ತಿದೆ. ಆದರೆ ಅದರ ಬಗ್ಗೆ ಸಿಕ್ಕಿರುವ ಅತ್ಯಂತ ಹಳೆಯ ಬರಹ 1800ರದ್ದು. ಎರಡು ಶತಮಾನದ ಹಬ್ಬಕ್ಕೆ ಎರಡು ಸಾವಿರ ವರ್ಷದ ಜಾತಕ ಬರೆಯುವ ಚಪಲ ನಮ್ಮಲ್ಲಿಯೂ ಧಾರಾಳವಾಗಿದೆ.

1852ರಲ್ಲಿ ವಿಲಿಯಂ ರಾಬರ್ಟ್ಸ್ ಎಂಬ ಬ್ಯಾಪ್ಟಿಸ್ಟ್ ಪಾದ್ರಿ, ಬ್ಲೈನೌ ಗ್ವೆಂಟ್‌ನವರು, ಇಂಥ ಆಚರಣೆಗಳನ್ನು ಕತ್ತಲಯುಗದ ಧರ್ಮವೆಂದು ಖಂಡಿಸಿ ವೆಲ್ಷ್ ಭಾಷೆಯಲ್ಲಿ ಒಂದು ಪುಸ್ತಕ ಬರೆದರು. ಈ ಹುಚ್ಚಾಟಕ್ಕೆ ಪುರಾತತ್ತ್ವಜ್ಞರ ವಸ್ತುಸಂಗ್ರಹಾಲಯವೊಂದನ್ನು ಬಿಟ್ಟು ಬೇರೆಲ್ಲಿಯೂ ಜಾಗ ಸಿಗದಿರಲಿ ಎಂಬುದು ಅವರ ಹಾರೈಕೆ. ಖಂಡಿಸಬೇಕಾದರೆ ಖಂಡಿಸುವುದೇನೆಂದು ತೋರಿಸಬೇಕಲ್ಲ. ಅವರು ಹಾಡಿನ ಪದ್ಯಗಳನ್ನು ಸಾಲುಸಾಲಾಗಿ ಅಚ್ಚು ಹಾಕಿಸಿದರು. ಅಲ್ಲಿಯವರೆಗೆ ಬಾಯಿಂದ ಬಾಯಿಗೆ ಸಾಗುತ್ತಿದ್ದ ಪದ್ಯಗಳು ಅಚ್ಚಿನ ಪಾಠವಾಗಿ ಸಿಕ್ಕಿದ್ದು ಮಾರಿ ಲ್ವಿಡ್ ತಂಡಗಳಿಗೇ ಅನುಕೂಲವಾಯಿತು. ಸರಿಸುಮಾರು ಅದೇ ಹೊತ್ತಿನಲ್ಲಿ ಇತ್ತ ಕೊಡಗಿನಲ್ಲಿದ್ದ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್, ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದ ಅದೇ ಮೊಗ್ಲಿಂಗ್, 1855ರಲ್ಲಿ ಕೊಡಗಿನ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಪ್ರಕಟಿಸಿದರು. ಇಲ್ಲಿಯ ಭೂತಗಳ, ಕಾರಣರೆಂಬ ಕುಲದ ಹಿರಿಯರ ಆರಾಧನೆಯನ್ನು ಬಿಡಿಸಲೆಂದು ಬಂದ ಮಿಷನರಿಯ ಬರಹವನ್ನೇ ಇಂದು ಆ ಆರಾಧನೆಯ ಹಳೆಯ ರೂಪ ತಿಳಿಯಲು ನಾವು ಬಿಡಿಸಿ ಓದುತ್ತೇವೆ.

ರಾಬರ್ಟ್ಸ್ ಹಾರೈಸಿದಂತೆ ಒಂದು ಮಾರಿ ಲ್ವಿಡ್ ಈಗ ಕಾರ್ಡಿಫ್ ಬಳಿಯ ಸೇಂಟ್ ಫೇಗನ್ಸ್ ವಸ್ತುಸಂಗ್ರಹಾಲಯದಲ್ಲಿದೆ, ನಿಜ. ಆದರೆ ಲಾಂಗಿನ್ವಿಡ್ ಎಂಬ ಹಳ್ಳಿಯ ಆಚರಣೆ ಇಪ್ಪತ್ತನೆಯ ಶತಮಾನದುದ್ದಕ್ಕೂ ಬದುಕಿ ಉಳಿಯಿತು, ಈಗ ಹಲವು ಊರುಗಳಲ್ಲಿ ಹೊಸ ತಂಡಗಳು ಹುಟ್ಟಿವೆ. ಸ್ವಾನ್ಸಿಯ ಬ್ಯಾಂಕೊಂದರಲ್ಲಿ ಗುಮಾಸ್ತರಾಗಿದ್ದ ಕವಿ ವರ್ನನ್ ವಾಟ್ಕಿನ್ಸ್ 1941ರಲ್ಲಿ ಪ್ರಕಟಿಸಿದ ತಮ್ಮ ಮೊದಲ ಸಂಕಲನದಲ್ಲಿ, ಬಾಗಿಲು ತಟ್ಟುವ ಕುದುರೆಯ ಗುಂಪನ್ನು ಒಳಗೆ ಬರಲು ಅಪ್ಪಣೆ ಬೇಡುವ ಸತ್ತವರನ್ನಾಗಿ ಕಂಡರು. ಇಂದಿನ ಚಿತ್ರಕಾರರು ಹೆಚ್ಚಾಗಿ ಈ ದಾರಿಯನ್ನೇ ಹಿಡಿದಿದ್ದಾರೆ: ಕಪ್ಪು ಆಕಾಶ, ಹಿಮ, ಗಾಳಿಗೆ ಹಾರುವ ಹರಕು ಬಟ್ಟೆ, ಖಾಲಿ ಕಣ್ಣುಗುಳಿ. ಚೆನ್ನಾಗಿವೆ, ಆದರೆ ಅವರಲ್ಲಿ ಬಹಳಷ್ಟು ಜನ ರಿಬ್ಬನ್ನನ್ನು ಕೈಬಿಡುತ್ತಾರೆ ಎನ್ನುವುದು ನನ್ನ ತಕರಾರು. ಅಂಗಡಿಯಿಂದ ತಂದ ರಿಬ್ಬನ್ನು, ಬಾಟಲಿಯ ಗಾಜು, ಯಾರದೋ ಮನೆಯ ದುಪ್ಪಟಿ ಇರುವುದರಿಂದಲೇ ಆ ಬುರುಡೆ ಊರಿನದಾಗುತ್ತದೆ; ಅವನ್ನು ತೆಗೆದರೆ ಅದು ಯಾವ ದೇಶದ ದೆವ್ವವಾದರೂ ಆದೀತು.

ಅಳಿಸುವವರಿಗೆ ಎದುರಾಗಿ, ದೆವ್ವಗಳ ಪರವಾಗಿಯೇ ವಕಾಲತ್ತು ವಹಿಸಿದ ಒಬ್ಬ ಪಾದ್ರಿಯೂ ವೇಲ್ಸ್‌ನಲ್ಲಿದ್ದರು. ಪಾಂಟಿಪೂಲ್ ಬಳಿಯ ಎಡ್ಮಂಡ್ ಜೋನ್ಸ್ ದೆವ್ವ ಇಲ್ಲವೆಂದವರು ನಾಳೆ ದೇವರೂ ಇಲ್ಲವೆನ್ನುತ್ತಾರೆ ಎಂಬ ಆತಂಕದಿಂದ, ಕಂಡವರ ಹೆಸರು, ಊರು, ಹೊತ್ತುಗಳ ಸಮೇತ ಸಾಕ್ಷ್ಯ ಕಲೆಹಾಕಿ 1780ರಲ್ಲಿ ಪುಸ್ತಕ ಮಾಡಿದರು. ಶವದ ಮೇಣದಬತ್ತಿ ಎನ್ನುವ ನಂಬಿಕೆಗೆ ಅವರಂಥವರ ಬರಹದಲ್ಲಿ ದೊಡ್ಡ ಜಾಗವಿದೆ. ಸಾವಾಗಲಿರುವ ಮನೆಯಿಂದ ಪುಟ್ಟ ಬೆಳಕೊಂದು ಹೊರಟು, ಮುಂದೆ ಶವಯಾತ್ರೆ ಸಾಗಲಿರುವ ದಾರಿಯಲ್ಲೇ ಸಾಗಿ ಸಮಾಧಿಭೂಮಿಯಲ್ಲಿ ಆರುತ್ತದೆ. ಗಂಡಸಿನದಾದರೆ ಕೆಂಪು, ಹೆಂಗಸಿನದಾದರೆ ಬಿಳುಪು, ಎಳೆಗೂಸಿನದಾದರೆ ಸಣ್ಣ ತೆಳುನೀಲಿ. ನಮ್ಮ ಕೊಳ್ಳಿದೆವ್ವ ದಾರಿಹೋಕನನ್ನು ದಾರಿ ತಪ್ಪಿಸುವುದಕ್ಕೆ ಇರುವಂಥದ್ದು. ಈ ಬೆಳಕು ಯಾರನ್ನೂ ತಪ್ಪಿಸುವುದಿಲ್ಲ, ದಾರಿ ತೋರಿಸಿ ಸುಮ್ಮನಾಗುತ್ತದೆ. ಕೊಡಗಿನಲ್ಲಿ ಸಾವಾದ ಮನೆಯಿಂದ ಜೋಡಿ ಗುಂಡು ಹಾರಿಸಿ ಕಣಿವೆಗೆಲ್ಲ ಸುದ್ದಿ ಮುಟ್ಟಿಸುವ ಪದ್ಧತಿಯಿದೆ. ವೇಲ್ಸ್‌ನ ಕಣಿವೆಗಳು ಆ ಸುದ್ದಿಯನ್ನು ಸಾವಿಗಿಂತ ಮೊದಲೇ ತರಿಸಿಕೊಳ್ಳುತ್ತಿದ್ದವು.

ನೂರು ವರ್ಷಗಳ ನಂತರ, ಕಲ್ಲಿದ್ದಲು ಸಾಗಣೆಯಿಂದ ಕೊಬ್ಬಿದ್ದ ಕಾರ್ಡಿಫ್ ಬಂದರಿನಲ್ಲಿ ಅಮೆರಿಕದ ಕಾನ್ಸುಲ್ ಆಗಿದ್ದ ವರ್ಟ್ ಸೈಕ್ಸ್ ಈ ಕಥೆಗಳನ್ನೆಲ್ಲ ಸೇರಿಸಿ 1880ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ ಟಿ. ಎಚ್. ಥಾಮಸ್ ಎಂಬ ಕಲಾವಿದರು ಚಿತ್ರ ಬರೆದರು. ವೆಲ್ಷ್ ಕವಿಗಳ ಸಭೆಯಾದ ಗೋರ್ಸೆಡ್‌ಗೆ ಧ್ವಜ ರೂಪಿಸಿದವರೂ ಇವರೇ. ಆ ಗ್ರಂಥದಲ್ಲಿ ಬರುವ ಗ್ರಾಖ್ ಎ ರಿಬಿನ್ ಎಂಬ ಮುದುಕಿ ತೊಗಲಿನ ರೆಕ್ಕೆ, ಉದ್ದನೆಯ ಕಪ್ಪು ಹಲ್ಲುಗಳವಳು. ನಡುರಾತ್ರಿ ಕಿಟಕಿಗೆ ರೆಕ್ಕೆ ಬಡಿದು, ಸಾಯಲಿರುವವರ ಹೆಸರು ಹಿಡಿದು ಚೀರುತ್ತಾಳೆ. ಲಾಂಡಾಫ್‌ನಲ್ಲಿ ಅವಳು ಒಂದು ಹೆಂಡದಂಗಡಿಯ ಬಾಗಿಲು ಹೊಕ್ಕದ್ದನ್ನು ಕಂಡವನೊಬ್ಬನ ಹೇಳಿಕೆಯನ್ನು ಸೈಕ್ಸ್ ಕೊಟ್ಟಿದ್ದಾರೆ. ಮರುದಿನ ವಿಚಾರಿಸಿದರೆ ಅಂಗಡಿಯ ಯಜಮಾನ ಆ ರಾತ್ರಿಯೇ ತೀರಿಕೊಂಡಿದ್ದ. ಬಿಳಿಯ ಮೈ, ಕೆಂಪು ಕಿವಿಗಳ ಕೂನ್ ಅನ್ನೂನ್ ಎಂಬ ಪರಲೋಕದ ಬೇಟೆನಾಯಿಗಳ ಒಂದು ಗುಣವಂತೂ ಅದ್ಭುತವಾದದ್ದು: ಅವು ದೂರವಿದ್ದಾಗ ಬೊಗಳಿಕೆ ಜೋರಾಗಿ ಕೇಳುತ್ತದೆ, ಹತ್ತಿರ ಬಂದಷ್ಟೂ ಮೆಲ್ಲಗಾಗುತ್ತದೆ. ಇದನ್ನು ಚಿತ್ರದಲ್ಲಿ ಹಿಡಿಯುವುದು ಹೇಗೆಂದು ನನಗೆ ಇವತ್ತಿಗೂ ಹೊಳೆದಿಲ್ಲ.

ಇಷ್ಟೆಲ್ಲದರ ನಡುವೆ ಒಂದೇ ಒಂದು ಚಿತ್ರ ಮಾತ್ರ ತದ್ವಿರುದ್ಧವಾಗಿ ನಡೆದುಕೊಂಡಿದೆ. ಅದರಲ್ಲಿ ಮುಚ್ಚಿದ್ದು ಏನೂ ಇರಲಿಲ್ಲ, ಆದರೂ ಭೂತವೊಂದು ಎದ್ದು ಬಂತು. ಸಿಡ್ನಿ ಕರ್ನೋ ವಾಸ್ಪರ್ 1908ರಲ್ಲಿ ಬರೆದ ‘ಸೇಲಂ’ ಎಂಬ ಜಲವರ್ಣಚಿತ್ರ ಉತ್ತರ ವೇಲ್ಸ್‌ನ ಲಾನ್‌ಬೆಡರ್ ಬಳಿಯ ಬ್ಯಾಪ್ಟಿಸ್ಟ್ ಪ್ರಾರ್ಥನಾಮಂದಿರವೊಂದರ ಒಳಗಿನ ನೋಟ. ಎಪ್ಪತ್ತು ದಾಟಿದ ಶಾನ್ ಓವನ್ ಎಂಬ ಮುದುಕಿ ಎತ್ತರದ ಕಪ್ಪು ಟೋಪಿ ಇಟ್ಟು, ಬಣ್ಣದ ಮಾವಿನಕಾಯಿ ಚಿತ್ತಾರದ ಶಾಲು ಹೊದ್ದು, ಪುಸ್ತಕ ಹಿಡಿದು ತನ್ನ ಜಾಗಕ್ಕೆ ನಡೆಯುತ್ತಿದ್ದಾಳೆ. ಉಳಿದವರೆಲ್ಲ ತಲೆ ತಗ್ಗಿಸಿ ಕುಳಿತಿದ್ದಾರೆ. ಗಡಿಯಾರ ಹತ್ತಕ್ಕೆ ಸ್ವಲ್ಪ ಕಡಿಮೆ ತೋರಿಸುತ್ತಿದೆ. ಸಾಬೂನಿನ ವ್ಯಾಪಾರಿ ವಿಲಿಯಂ ಲೀವರ್ ಈ ಚಿತ್ರವನ್ನು ನೂರು ಗಿನಿ ಕೊಟ್ಟು ಕೊಂಡರು. ಏಳು ಪೌಂಡ್ ಸನ್‌ಲೈಟ್ ಸಾಬೂನು ಕೊಂಡವರಿಗೆ ಇದರ ಮುದ್ರಿತ ಪ್ರತಿ ಸಿಗುವಂತಾಗಿ, ವೇಲ್ಸ್‌ನ ಮನೆಮನೆಯ ಗೋಡೆಗೂ ಅದು ಏರಿತು. 1888ರಲ್ಲಿಯೇ ಕಲ್ಕತ್ತಾ ಬಂದರಿಗೆ ಬಂದಿಳಿದು, ನಮ್ಮ ಬಚ್ಚಲಮನೆಗಳವರೆಗೂ ತಲುಪಿದ ಅದೇ ಸನ್‌ಲೈಟ್. ಆಮೇಲೆ ಯಾರೋ ಶಾಲಿನ ಮಡಿಕೆಯಲ್ಲಿ, ಮುದುಕಿಯ ಎಡತೋಳಿನ ಬಳಿ, ಗಡ್ಡವಿರುವ ಸೈತಾನನ ಮುಖ ಕಂಡರು. ಒಬ್ಬರು ಕಂಡ ಮೇಲೆ ಎಲ್ಲರೂ ಕಂಡರು. ಶಾಲಿನ ಜಂಬಕ್ಕಾಗಿ, ಎಲ್ಲರ ಕಣ್ಣಿಗೆ ಬೀಳಲೆಂದೇ ತಡವಾಗಿ ಬಂದವಳಿಗೆ ಇದು ಶಿಕ್ಷೆ ಎಂಬ ವ್ಯಾಖ್ಯಾನವೂ ಸಿದ್ಧವಾಯಿತು. ತಾನು ಸೈತಾನನನ್ನು ಬರೆದೇ ಇಲ್ಲ ಎಂದು ವಾಸ್ಪರ್ ಹೇಳಿದ್ದನ್ನು ಕೇಳುವವರಿರಲಿಲ್ಲ.

ವಾಸ್ತವ ಇನ್ನೂ ಸ್ವಾರಸ್ಯವಾಗಿದೆ. 1908ರ ಹೊತ್ತಿಗೆ ಆ ಎತ್ತರದ ಟೋಪಿಯನ್ನು ಇಡುವವರು ವಿರಳವಾಗಿದ್ದರು. ಸಿಕ್ಕಿದ ಒಂದೇ ಟೋಪಿಯನ್ನು ಚಿತ್ರದ ಹೆಂಗಸರೆಲ್ಲರ ತಲೆಗೂ ಸರದಿಯಂತೆ ಇಟ್ಟು ಬರೆದರು. ಕುಳಿತವರಿಗೆ ಗಂಟೆಗೆ ಆರು ಪೆನ್ಸ್ ಕೂಲಿ. ಕುಳಿತವರಲ್ಲಿ ಒಬ್ಬಳು ಮನುಷ್ಯಳೇ ಅಲ್ಲ, ಬಟ್ಟೆ ತೊಡಿಸಿದ ಬೊಂಬೆ. ಜಂಬದ ಶಾಲು ಮುದುಕಿಯದ್ದಲ್ಲ, ಎರವಲು ತಂದದ್ದು.

ಈ ವಿವರಗಳನ್ನು ಓದುವುದಕ್ಕೆ ಮೊದಲೇ ನಾನು ಚಿತ್ರದ ದೊಡ್ಡ ಪ್ರತಿಯೊಂದನ್ನು ನನ್ನ ಬಟ್ಟೆ ಹೊಲಿಯುವ ದರ್ಜಿಗೆ ತೋರಿಸಿದ್ದೆ. ಅವರು ಮದುವೆಗಳಿಗೆ ಕುಪ್ಯ ಎಂಬ ಕೊಡವ ಗಂಡಸರ ಉದ್ದನೆಯ ಮೇಲಂಗಿ ಹೊಲಿಯುವುದರಲ್ಲಿ ಪಳಗಿದವರು. ಸೈತಾನ ಕಾಣುತ್ತಾನೆಯೇ ಎಂದು ನಾನು ಕೇಳಿದ್ದಕ್ಕೆ ಅವರು ಶಾಲಿನ ಅಂಚಿನಿಂದ ಹೆಗಲಿನವರೆಗೆ ಬೆರಳಾಡಿಸಿ, “ಟೀಚರೇ, ಅದೆಲ್ಲ ನನಗೆ ಗೊತ್ತಿಲ್ಲ. ಆದರೆ ಈ ಶಾಲು ನಡೆಯುವ ಹೆಂಗಸಿನ ಮೈಮೇಲೆ ಇಲ್ಲ. ನಡೆದರೆ ನೆರಿಗೆ ಹಿಂದಕ್ಕೆ ಎಳೆಯಬೇಕು, ಇಲ್ಲಿ ಎಲ್ಲ ಒಂದೇ ಸಮ ಕೆಳಗೆ ಬಿದ್ದಿದೆ. ಎಲ್ಲೋ ನಿಲ್ಲಿಸಿ ಪಿನ್ನು ಹಾಕಿ ಬರೆದಿದ್ದಾರೆ ನೋಡಿ,” ಎಂದರು. ಶಾನ್ ಓವನ್ ಅಷ್ಟು ಹೊತ್ತು ನಿಲ್ಲಲಾರದೆ ಇದ್ದುದರಿಂದ ಶಾಲನ್ನು ಬೊಂಬೆಯ ಮೇಲೆ ಪಿನ್ನು ಚುಚ್ಚಿ ನಿಲ್ಲಿಸಿ ಬರೆದರಂತೆ ಎಂಬುದನ್ನು ನಾನು ಓದಿದ್ದು ಅದಾದ ಮೇಲೆ.